ಸೂತಕವಿಲ್ಲದ ಬೀದಿ

ಅರಸೀಕೆರೆ
ಮಂಗಳವಾರ ಸಂಜೆ

ನಿರ್ದೇಶಕರಾದ ಶರತ್‌ಚಂದ್ರ ಅವರಿಗೆ,

ಕೊರೊನಾ ಕಾಲದ ಊರು ಸತ್ತಂತೆ ಕಾಣಬೇಕೆಂದು, ನಿಮ್ಮ ಸಿನಿಮಾದವರು ಇವತ್ತು ನಮ್ಮ ಬೀದಿಯ ರಂಗೋಲಿಗಳನ್ನೆಲ್ಲ ನೀರು ಹಾಕಿ ತೊಳೆದರು. ಎದುರು ಮನೆಯ ಲಕ್ಕಮ್ಮ, "ಯಾರ ಮನೇಲಿ ಸಾವಾಗೈತೆ ಅಂತ ಅಳಿಸ್ತೀರಪ್ಪಾ?" ಎಂದು ಕೇಳಿದ್ದಕ್ಕೆ ನೀವು ನಕ್ಕಿರಿ. ಸ್ವಾಮಿ, ನಮ್ಮಲ್ಲಿ ಸೂತಕದ ಮನೆಯ ಮುಂದೆ ಮಾತ್ರ ರಂಗೋಲಿ ಇರುವುದಿಲ್ಲ.

ಆ ವರ್ಷ ಅಂಗಡಿಗಳು ಮುಚ್ಚಿದ್ದವು, ರೈಲಿನ ಸದ್ದೇ ಇರಲಿಲ್ಲ, ಒಬ್ಬರ ಮನೆಗೆ ಒಬ್ಬರು ಹೋಗುವಂತಿರಲಿಲ್ಲ. ಬೆಳಗ್ಗೆ ಬಾಗಿಲು ತೆರೆದು, ಎದುರಿನವರು ಹೇಗಿದ್ದಾರೆಂದು ರಂಗೋಲಿ ನೋಡಿಯೇ ತಿಳಿಯುತ್ತಿದ್ದೆವು. ಇಡೀ ಬೀದಿಯಲ್ಲಿ ಒಂದೇ ಒಂದು ಮನೆಯ ಮುಂದೆ ಕೆಲವು ದಿನ ನೆಲ ಬರಿದಾಗಿತ್ತು. ಅದು ನನ್ನ ಮನೆ. ಆಸ್ಪತ್ರೆಗೆ ಹೋದ ನಮ್ಮ ಯಜಮಾನರು ಮರಳಲಿಲ್ಲ. ಸೂತಕ ಕಳೆದ ಮೇಲೂ ನಾನು ಬಾಗಿಲು ತೆರೆಯಲಿಲ್ಲ. ಆಗ ಲಕ್ಕಮ್ಮ ಮುಖಕ್ಕೆ ಸೆರಗು ಕಟ್ಟಿಕೊಂಡು ಬಂದು, ನನ್ನ ಹೊಸಿಲ ಮುಂದೆ ರಂಗೋಲಿ ಹಾಕಿ, "ಏಳೇ ಲತಾ, ನಿನ್ ಬಾಗ್ಲು ನೋಡು" ಎಂದು ಕೂಗಿ ಹೋದರು. ನಾನು ಎದ್ದೆ.

ನಾಳೆ ಬೀದಿ ತುಂಬ ರಂಗೋಲಿ ಇರುತ್ತದೆ. ಅಳಿಸುವುದಿದ್ದರೆ ಪೊರಕೆ ಹಿಡಿದು ನೀವೇ ಬನ್ನಿ, ನಾವೆಲ್ಲ ಬಾಗಿಲಲ್ಲೇ ನಿಂತಿರುತ್ತೇವೆ. ಲಕ್ಕಮ್ಮನ ಮನೆ ಮುಂದಿರುವ ನಿಮ್ಮ ಜನರೇಟರ್ ವ್ಯಾನನ್ನು ಈ ರಾತ್ರಿಯೇ ತೆಗೆಸಿ, ಅವರಿಗೆ ಜಾಗ ಬೇಕು.

ಬರಿದಾದ ಹೊಸಿಲೇ ಬೇಕೆಂದರೆ ನನ್ನದೊಂದನ್ನು ಚಿತ್ರೀಕರಿಸಿಕೊಳ್ಳಿ, ನಾಳೆ ನಾನು ರಂಗೋಲಿ ಹಾಕುವುದಿಲ್ಲ. ಆದರೆ ಲಕ್ಕಮ್ಮ ಬಂದು ಹಾಕಿ ಮುಗಿಸುವವರೆಗೂ ಕ್ಯಾಮೆರಾ ನಿಲ್ಲಿಸಬಾರದು.

ಇಂತಿ,
ಲಕ್ಕಮ್ಮನ ಎದುರು ಮನೆಯ
ಲತಾಮಣಿ