ಪೈರೈಟಿನೊಳಗಿನ ಗಂಟು

ಅಪ್ಪಾ,

ನೀನು ಇಳಿದು ಮೇಲೆ ಬಾರದ ಗಣಿಯ ನೀರನ್ನು ಕೊನೆಗೂ ಹೊರಗೆ ಹಾಕಿದರು. ಅಲ್ಲಿನ ಪೈರೈಟ್, ಚಿನ್ನದಂತೆ ಹೊಳೆಯುವ ಆ ಖನಿಜ, ಇವತ್ತು ನನ್ನ ಪ್ರಯೋಗಾಲಯಕ್ಕೆ ಬಂತು. ಅದರ ಪದರಗಳಲ್ಲಿರುವ ಆರ್ಸೆನಿಕ್ ಅಳೆದರೆ, ಅದಿರನ್ನು ಹೊತ್ತು ತಂದ ಬಿಸಿನೀರು ಹಿಂದೆ ಬಂಡೆಯೊಳಗೆ ಎಷ್ಟು ಸಲ ನುಗ್ಗಿತೆಂದು ಗೊತ್ತಾಗುತ್ತದೆ.

ಒಂದು ಚೂರು ಮಾತ್ರ ತೀರಾ ಎಳೆಯದು, ಗಣಿ ಮುಳುಗಿದ ಮೇಲೆ ಬೆಳೆದದ್ದು. ಕೊಯ್ದು ನೋಡಿದರೆ ನಡುವೆ ಉಣ್ಣೆಯ ಹೆಣಿಗೆ, ಅದರಲ್ಲೊಂದು ಜೋಡಿಗಂಟು.

ಎಂಟನೇ ವಯಸ್ಸಿನಲ್ಲಿ ನಾನು ನಿನಗೆಂದು ಉಣ್ಣೆಯ ಟೋಪಿ ಹೆಣೆಯುವಾಗ ಎಳೆ ತಪ್ಪಿ, ಇಂಥದ್ದೇ ಜೋಡಿಗಂಟು ಬಿಗಿದು ಅತ್ತಿದ್ದೆ. "ಇರ್ಲಿ ಬಿಡೇ, ಆ ಕತ್ತಲಲ್ಲಿ ಯಾರು ನೋಡ್ತಾರೆ?" ಎಂದು ನೀನು ಅದನ್ನೇ ಹಾಕಿಕೊಂಡು ಗಣಿಗೆ ಹೊರಟೆ.

"ಮಧ್ಯದಲ್ಲಿ ಏನಮ್ಮಾ ಅದು?" ಎಂದರು ಸೂಕ್ಷ್ಮದರ್ಶಕದಲ್ಲಿ ಇಣುಕಿದ ನಮ್ಮ ಮೇಲಧಿಕಾರಿ.

"ಏನಿಲ್ಲ ಸರ್, ಬರೀ ಕಲ್ಲು."

ಅವರು ಹೋದ ಮೇಲೂ ನಾನು ಸೂಕ್ಷ್ಮದರ್ಶಕದ ದೀಪ ಆರಿಸಲಿಲ್ಲ, ಅಪ್ಪಾ. ನೋಡುತ್ತಲೇ ಕೂತಿದ್ದೆ.