ಹಡಗಿನಲ್ಲಿ ಅಮ್ಮ ಇರಲಿಲ್ಲ

ಕುಂದಲಹಳ್ಳಿ
ಬುಧವಾರ, 12 ನವೆಂಬರ್ 2025

ಪ್ರೀತಿಯ ವಿಷ್ಣು ಅಣ್ಣನಿಗೆ,

ಹೇಗಿದ್ದೀಯ? ಕತ್ತುನೋವು ಕಡಿಮೆಯಾಯಿತೇ? ಹಗಲಿಡೀ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವನು ಆಗಾಗ ಎದ್ದು ಓಡಾಡಬೇಕಂತೆ, ಹಾಗೆಂದು ಕಾಗದದಲ್ಲಿ ಬರೆ ಅಂದಳು ಅಮ್ಮ. ಹೈದರಾಬಾದಿನಲ್ಲೂ ಚಳಿ ಶುರುವಾಗಿರಬೇಕು. ಪುಟ್ಟ ಮನುವಿಗೆ ಬೇಗ ನೆಗಡಿ ಹಿಡಿಯುತ್ತದೆ, ಕಿವಿ ಮುಚ್ಚುವ ಹಾಗೆ ಟೋಪಿ ಹಾಕಲು ಅತ್ತಿಗೆಗೆ ಹೇಳು. ನಾವು ಆರೋಗ್ಯವಾಗಿದ್ದೇವೆ. ಇದನ್ನೆಲ್ಲ ವಾಟ್ಸಾಪಿನಲ್ಲಿ ಹಾಕಬಹುದಿತ್ತು. ಹಾಕಿದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಕಾಗದ ಬರೆದು ಕೊರಿಯರ್ ಮಾಡುತ್ತಿದ್ದೇನೆ.

ನಿನ್ನ ಕಾರ್ಟೂನು ಸೀರಿಯಲ್ಲಿನ ಭಾಗಗಳೆಲ್ಲ ಒಟ್ಟಿಗೇ ಬರುವ ದಿನ ಅಮ್ಮ ಬೆಳಿಗ್ಗೆಯೇ ಕೊಬ್ಬರಿಮಿಠಾಯಿ ಮಾಡಿಟ್ಟಳು. ಮನೆ ಓನರ್ ವಸಂತಮ್ಮನವರನ್ನೂ ಅವರ ಸೊಸೆಯನ್ನೂ ಕರೆದಳು. ನಮ್ಮ ಮನೆಯದೇ ಕಥೆಯಂತೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದಳು. ಫೋನಿನಲ್ಲಿ ಅವಳಿಗೆ ಹಾಗೆ ಹೇಳಿದವನು ನೀನೇ. ಆಕಾಶದಲ್ಲಿ ಹೋಗುವ ಹಡಗು ಬಂತು, ಅಣ್ಣ ತಂಗಿ ಬಂದರು, ಕ್ಯಾಪ್ಟನ್ ಅಪ್ಪ ಬಂದ. ತಂಗಿಯ ಮುಂದಿನ ಹಲ್ಲು ಮುರಿದಿತ್ತು, ನನ್ನದರ ಹಾಗೆಯೇ. ನನಗೆ ನಗು ಬಂತು. ಎರಡನೆಯ ಭಾಗದ ಹೊತ್ತಿಗೆ ವಸಂತಮ್ಮ ಅಮ್ಮನ ಕಡೆ ತಿರುಗಿ, "ನೀನ್ಯಾವಾಗ ಬತ್ತೀಯ ಭಾನಮ್ಮ?" ಅಂದರು. ಬರುತ್ತೇನೆ, ಸ್ವಲ್ಪ ತಾಳಿ, ಅಂದಳು ಅಮ್ಮ. ಬರಲಿಲ್ಲ. ಆ ಮಕ್ಕಳ ತಾಯಿ ಕಥೆ ಶುರುವಾಗುವ ಮೊದಲೇ ಸತ್ತಿದ್ದಳು. ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀಯ. ಆಮೇಲೆ ನಾನು ಹುಡುಕಿದೆ ಅಣ್ಣ. ಅಡುಗೆ ಮಾಡುವ ರೋಬೋಟ್ ಇದೆ, ಮೂರು ಕಣ್ಣಿನ ನಾಯಿ ಇದೆ, ಬೇರೆ ಗ್ರಹದ ಮಕ್ಕಳಿಗೂ ಅಪ್ಪಂದಿರು, ಮಾವಂದಿರು, ಗುರುಗಳು ಇದ್ದಾರೆ. ಅಷ್ಟು ದೊಡ್ಡ ಆಕಾಶದಲ್ಲಿ ಒಬ್ಬಳೇ ಒಬ್ಬ ತಾಯಿ ಇಲ್ಲ.

ಅದನ್ನೂ ನುಂಗಿಕೊಳ್ಳಬಹುದಿತ್ತು. ಕೊನೆಯ ಭಾಗದಲ್ಲಿ ಹಡಗಿನ ದೀಪಗಳೆಲ್ಲ ಆರಿದಾಗ ಕ್ಯಾಪ್ಟನ್ ಮಕ್ಕಳಿಬ್ಬರನ್ನೂ ರಗ್ಗಿನಡಿ ಮಲಗಿಸಿ, "ನೀವು ಮಲ್ಕೊಳ್ಳಿ, ಹಡಗು ನಾನು ನೋಡ್ಕೋತೀನಿ" ಅನ್ನುತ್ತಾನಲ್ಲ, ಅದು ಯಾರ ಮಾತು? ಅಪ್ಪ ನಮ್ಮನ್ನು ಬಿಟ್ಟು ಇನ್ನೊಬ್ಬಳ ಜೊತೆ ಅನಂತಪುರಕ್ಕೆ ಹೋದ ವರ್ಷ, ಫ್ಯಾಕ್ಟರಿಯಲ್ಲಿ ದಿನವಿಡೀ ಟೆಲಿಫೋನಿಗೆ ತಂತಿ ಸುತ್ತಿ ಬಂದ ಅಮ್ಮ, ಕರೆಂಟು ಹೋದಾಗಲೆಲ್ಲ ಮಂಚವನ್ನೇ ಹಡಗು ಮಾಡಿ ನಮಗೆ ಹೇಳುತ್ತಿದ್ದ ಮಾತು. ಟಿವಿಯಲ್ಲಿ ಆ ಗಂಡು ದನಿ ಅದನ್ನು ಹೇಳುವಾಗ ಅಮ್ಮನ ತುಟಿಯೂ ಜೊತೆಗೇ ಆಡಿತು. ನಾನು ನೋಡಿದೆ. ಕೊನೆಗೆ ಪರದೆಯ ಮೇಲೆ ಅಕ್ಷರ ಬಂತು: "ನಕ್ಷತ್ರ ತೋರಿಸಿದ ಅಪ್ಪನಿಗೆ." ಅಮ್ಮ ಟಿವಿ ಆರಿಸಿ, ಒಳಗೆ ಹೋಗಿ, ಮಿಠಾಯಿ ತಂದು ಎಲ್ಲರಿಗೂ ಹಂಚಿದಳು. ತಾನು ತಿನ್ನಲಿಲ್ಲ.

ಮರುದಿನ ಫೋನು ಮಾಡಿ ಕೇಳಿದರೆ ನೀನು ನಕ್ಕೆ. "ಅಮ್ಮ ಇದ್ರೆ ಮಕ್ಕಳನ್ನ ಹೊಸಿಲು ದಾಟೋಕೇ ಬಿಡಲ್ಲ ಕಣೇ, ಕಥೆ ಶುರುನೇ ಆಗಲ್ಲ" ಅಂದೆ. ಚಿತ್ರ ಬರೆದುಕೊಂಡು ಏನು ಉದ್ಧಾರವಾಗುತ್ತಾನೆ ಎಂದು ಸೋದರಮಾವಂದಿರು ಕೂಗಾಡಿದಾಗ, ನಿನ್ನ ಕೈಹಿಡಿದು ಚಿತ್ರಕಲಾ ಶಾಲೆಗೆ ಕರೆದೊಯ್ದವಳು ಯಾರು? ಅಪ್ಪ ಬೇಕೆನ್ನಿಸಿದ್ದು ತಪ್ಪಲ್ಲ. ನನಗೂ ಬೇಕಾಗಿದ್ದರು. ಆದರೆ ಇಲ್ಲದವರನ್ನು ತಂದು ಕೂರಿಸಲು ಇದ್ದವಳನ್ನು ಸಾಯಿಸಬೇಕಿತ್ತೇ?

ಇನ್ನು ಸುದ್ದಿ. ಭಾನುವಾರ ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬ ಮುದುಕರು ಕೈಚೀಲ ಹಿಡಿದು ನಿಂತಿದ್ದರು. ಬಾಡಿಗೆ ಮನೆ ಕೇಳಲು ಬಂದವರೆಂದುಕೊಂಡೆ. ಅಮ್ಮ ಹೊರಗೆ ಬಂದು ನೋಡಿ, ಸೆರಗಿಗೆ ಕೈ ಒರೆಸಿಕೊಂಡು ನಿಂತುಬಿಟ್ಟಳು. ಅಪ್ಪ. ಆ ಹೆಂಗಸು ತೀರಿಕೊಂಡಿದ್ದಾಳಂತೆ, ಅವಳ ಮಕ್ಕಳು ಇವರನ್ನು ಇಟ್ಟುಕೊಳ್ಳಲಿಲ್ಲವಂತೆ. ಪಕ್ಕದ ಮನೆಯವರ ಫೋನಿನಲ್ಲಿ ನಿನ್ನ ಹೆಸರಿದ್ದ ಕಾರ್ಟೂನು ನೋಡಿ, ಸೋದರಮಾವನಿಂದ ವಿಳಾಸ ಪಡೆದು ಬಸ್ಸು ಹತ್ತಿದ್ದಾರೆ. "ಮಗನೇ ಕ್ಷಮಿಸಿದ ಮೇಲೆ ನಿಂದೇನು ಭಾನು?" ಅಂದರು. ಅಮ್ಮ ಜಗಲಿಯಲ್ಲೇ ತಟ್ಟೆಯಿಟ್ಟು ಅನ್ನ ಸಾರು ಬಡಿಸಿದಳು. ಅವರು ಎರಡು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆಯಲು ನೀರು ಕೊಡುತ್ತಾ ಅಮ್ಮ ದನಿ ಏರಿಸದೆ ಹೇಳಿದಳು: "ನನ್ನ ಮಗನ ಕಥೇಲಿ ನಾನು ಸತ್ತಿದೀನಿ. ಸತ್ತೋಳ ಮನೆಗೆ ಯಾಕೆ ಬಂದ್ರಿ?"

ಅವರು ಅತ್ತರು. ನನಗೆ ಅಳು ಬರಲಿಲ್ಲ. ಅಮ್ಮ ಆ ದಿನ ಸಂಜೆ ಒಬ್ಬಳೇ ಕೂತು ಅತ್ತಳು, ಅವರಿಗಾಗಿ ಅಲ್ಲ. ವಸಂತಮ್ಮ ಖಾಲಿ ಇದ್ದ ಮೇಲಿನ ರೂಮಿನಲ್ಲಿ ಅಪ್ಪನಿಗೆ ಚಾಪೆ ಹಾಕಿಸಿದ್ದಾರೆ.

ಅತ್ತಿಗೆಗೆ ನನ್ನ ನೆನಪು ಹೇಳು, ಮನುವಿಗೆ ಮುತ್ತು ಕೊಡು. ನಿನಗೆ ಆಶೀರ್ವಾದ ತಿಳಿಸು ಅಂದಳು ಅಮ್ಮ. ತಿಳಿಸಿದ್ದೇನೆ.

ನಿನ್ನ ತಂಗಿ,
ಯಾಮಿನಿ

ತಾ.ಕ.: ಕೊರಿಯರಿನವನು ಬಂದ, ಅವಸರದಲ್ಲಿ ಬರೆಯುತ್ತಿದ್ದೇನೆ. ಶನಿವಾರ ಸಂಜೆಯ ರೈಲಿಗೆ ಅಪ್ಪನನ್ನು ಹತ್ತಿಸುತ್ತೇವೆ. ಭಾನುವಾರ ಬೆಳಿಗ್ಗೆ ನಿಮ್ಮೂರಿನ ಕಾಚಿಗುಡ ಸ್ಟೇಷನ್ನಿಗೆ ಹೋಗು. ಟಿಕೆಟ್ ಮಾಡಿಸಿದ್ದು ಅಮ್ಮನೇ. "ಅವನು ಮಾಡಿದ ಅಪ್ಪ, ಅವನೇ ನೋಡ್ಕೊಳ್ಳಲಿ" ಅಂದಳು. ನೀನೇ ಕರೆಸಿಕೊಳ್ಳುತ್ತಿದ್ದೀಯ ಎಂದು ಅವರು ಹಿಗ್ಗಿನಲ್ಲಿದ್ದಾರೆ; ನಾವು ತಿದ್ದಲಿಲ್ಲ. ಅವರಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ, ನಿನ್ನನ್ನು ಕೊನೆಯ ಸಲ ನೋಡಿದ್ದು ನಿನ್ನ ಏಳನೇ ವಯಸ್ಸಿನಲ್ಲಿ. ಗುರುತು ಹಿಡಿಯಬೇಕಾದವನು ನೀನೇ.