ಬುದವಂತಿಗೆ ಬಂದ ಉತ್ತರ

ತೇಲುಪಟ್ಟಣ, ಕಾರವಾರದಾಚೆ
ಇಸವಿ ೨೪೦೯, ಹನ್ನೆರಡನೆಯ ತಿಂಗಳ ನಾಲ್ಕು

ಹಿಂದಿನ ಕಾಲದ ಹಿರಿಯರಿಗೆ ಹಮ್ಮಣ್ಣ ನಾಯಕನ ನಮಸ್ಕಾರ. ನನ್ನ ಮಾತು ನಿಮಗೆ ವಿಚಿತ್ರ ಎನಿಸಿದರೆ ಮನ್ನಿಸಿ. ವಯಸ್ಸು ಎಂಬತ್ತೊಂದು, ಮಾತು ಎಲ್ಲೆಲ್ಲೋ ಹೋಗುತ್ತದೆ.

ನಮ್ಮೂರಿಗೆ ಒಂದು ನೆನಪುಬಾಗಿಲಿದೆ. ನಿಮ್ಮ ಕಾಲದಲ್ಲಿ ಅದರ ಹೆಸರು ಸ್ಟೇಟ್‌ಫುಲ್ ಫೈರ್‌ವಾಲ್, ಅಥವಾ ಅಂಥದ್ದೇನೋ. ಕಾಲೇಜಿನಲ್ಲಿ ಹಳೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ನಾಲ್ಕು ಅಂಕಕ್ಕೆ ಬಂದಿತ್ತು, ಎರಡು ಸಿಕ್ಕಿತು. ಹೊರಗಿನಿಂದ ತಾನಾಗಿ ಬಂದ ಯಾವ ಓಲೆಯನ್ನೂ ಬಾಗಿಲು ಬಿಡುವುದಿಲ್ಲ. ಒಳಗಿನವರು ಮೊದಲು ಬರೆದರೆ ಯಾರು, ಯಾರಿಗೆ, ಯಾವ ಕಿಂಡಿಯಿಂದ ಎಂದು ಒಂದು ಸಾಲು ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದಾಗ ಆ ಸಾಲು ಹೊಂದಿದರೆ ಸುಮ್ಮನೆ ಒಳಗೆ ಬಿಡುತ್ತದೆ. ತೊಂಬತ್ತು ದಿನ ಆ ದಾರಿಯಲ್ಲಿ ಸದ್ದಿಲ್ಲದಿದ್ದರೆ ಸಾಲನ್ನು ಅಳಿಸುತ್ತದೆ. ದೂರದವರಿಗೆ ಬರೆದವರು ಅದಕ್ಕೇ ವಾರಕ್ಕೊಂದು ಉಸಿರೋಲೆ ಕಳಿಸುತ್ತಾರೆ. ಅದರಲ್ಲಿ ಅಕ್ಷರವೇ ಇರುವುದಿಲ್ಲ. ಇನ್ನೂ ಕಾಯುತ್ತಿದ್ದೇನೆ ಎಂದಷ್ಟೇ ಅರ್ಥ.

ನನ್ನ ಹೆಂಡತಿ ಬುದವಂತಿ ಆಕಾಶದ ಆಚೆ ನೆಲೆಯಲ್ಲಿರುವ ತಂಗಿ ತುಳಸುವಿಗೆ ಏನೋ ಕೇಳಿ ಬರೆದಿದ್ದಳು. ಅಲ್ಲಿಗೆ ಓಲೆ ಹೋಗಲು ಏಳು ತಿಂಗಳು, ಬರಲು ಏಳು. ಪ್ರತಿ ಸೋಮವಾರ ಮೀನು ಹೆಚ್ಚಿಟ್ಟು, ಕೈ ತೊಳೆದು, ಉಸಿರೋಲೆಯ ಗುಂಡಿ ಒತ್ತುತ್ತಿದ್ದಳು. "ಖಾಲಿ ಓಲೆಗೆ ಎಷ್ಟು ಶೃಂಗಾರವೇ ನಿಂದು" ಎಂದರೆ, "ನೀವು ಬಾಯ್ತುಂಬ ಮಾತಾಡಿ ಏನ್ ಹೇಳ್ತ್ರಿ, ಅದ್ಕಿಂತ ಇದೇ ಅಡ್ಡಿಲ್ಲ" ಎನ್ನುವಳು. ಬರೆದ ಹನ್ನೊಂದನೆಯ ತಿಂಗಳ ಕೊನೆಗೆ ತೀರಿಕೊಂಡಳು.

ಮುಂದಿನ ಸೋಮವಾರ ಗುಂಡಿಯ ಮುಂದೆ ಕೂತೆ. ಇಲ್ಲದವಳ ಹೆಸರಿನಲ್ಲಿ ಕಾಯುತ್ತಿದ್ದೇನೆ ಎನ್ನುವುದು ಸುಳ್ಳಲ್ಲವೇ? ಅಂದೂ ಒತ್ತಲಿಲ್ಲ, ಆಮೇಲೂ ಒತ್ತಲಿಲ್ಲ.

ಅವಳು ಬರೆದು ಹದಿನಾಲ್ಕು ತಿಂಗಳು ಕಳೆದ ಮೇಲೆ ಬಾಗಿಲಿನ ಕಚೇರಿಗೆ ಹೋದಾಗ ಅಲ್ಲಿನ ನಾಗವೇಣಿ ಪಟ್ಟಿ ನೋಡಿ ಮುಖ ಸಣ್ಣದು ಮಾಡಿದಳು. "ಅಜ್ಜಾ, ಉತ್ತರ ಬಂದಿತ್ತು. ಸಾಲು ಅಳ್ಸಿ ನಾಲ್ಕು ದಿನ ಆಗಿತ್ತು, ಬಾಗ್ಲು ಬಿಸಾಡ್ತು."

"ಒಳಗೆ ಏನಿತ್ತು ಮಗಾ?"

"ಬಾಗ್ಲು ಓದೂದಿಲ್ಲ ಅಜ್ಜಾ. ಯಾರಿಂದ ಯಾರಿಗೆ, ಅಷ್ಟೇ ನೋಡೂದು."

ಬಿಸಾಡಿದ ಸುದ್ದಿ ತುಳಸುವಿಗೂ ಹೋಗುವುದಿಲ್ಲ. ಅಕ್ಕ ಓದಿದ್ದಾಳೆ ಎಂದೇ ಅವಳು ತಿಳಿದಿರುತ್ತಾಳೆ. ಬುದವಂತಿ ಕೇಳಿದ್ದೇನು ಎಂದು ನನಗೂ ಗೊತ್ತಿಲ್ಲ. ಐವತ್ತು ವರ್ಷ ಒಂದೇ ಅಡುಗೆಮನೆಯಲ್ಲಿದ್ದೂ ಕೇಳಲಿಲ್ಲ.

ಕಳೆದ ವಾರ ನಾನೇ ತುಳಸುವಿಗೆ ಬರೆದೆ: ನಿನ್ನಕ್ಕ ಏನು ಕೇಳಿದ್ದಳು, ನೀನೇನು ಹೇಳಿದೆ, ಇನ್ನೊಮ್ಮೆ ಕಳಿಸು. ಮತ್ತೆ ಹದಿನಾಲ್ಕು ತಿಂಗಳು. ವೈದ್ಯರು ಅಷ್ಟು ದೂರದ ಮಾತಾಡುವುದಿಲ್ಲ. ನಾಗವೇಣಿಗೆ ನನ್ನ ಓಲೆಯ ಕಿಂಡಿಯ ಕೀಲಿ ಕೊಟ್ಟು, ನಾನು ಹೋದರೂ ಉಸಿರೋಲೆ ನಿಲ್ಲಿಸಬೇಡ ಎಂದೆ.

"ಉತ್ತರ ಬಂದ್ರೆ ಯಾರ್ ಓದ್ಬೇಕು ಅಜ್ಜಾ?"

"ನೀನೇ ಓದು. ಗಟ್ಟಿಯಾಗಿ ಓದು."

ಇಂಥ ಬಾಗಿಲುಗಳಿಗೆ ನಿಯಮ ಬರೆಯುವವರು ನೀವು. ಒಂದು ಬೇಡಿಕೆ: ಸಾಲು ಅಳಿಸುವ ಮೊದಲು ಆ ಮನೆಯಲ್ಲಿ ಉಳಿದವರನ್ನು ಒಂದು ಮಾತು ಕೇಳಿ. ನನ್ನನ್ನು ಕೇಳಿದ್ದರೆ, ಅಳಿಸಬೇಡಿ, ಇರಲಿ ಬಿಡಿ ಎನ್ನುತ್ತಿದ್ದೆ.